ಅಕ್ಷಯ ತದಿಗೆಯ ದಾನಪತ್ರ

ಹೆಲ್ಸಿಂಗ್‌ಬೋರ್ಯ್ ಪಟ್ಟಣದ ಕನ್ನಡಿಗರ ಚರಿತ್ರೆಯನ್ನು ಮುಂದೆ ಯಾರಾದರೂ ಬರೆಯುವುದಾದರೆ, ರಘುನಾಥನ ದೋಣಿಗೆ ಆರ್‌ಸಿ ಬುಕ್ ಇರಲಿಲ್ಲವೆಂಬ ಸಂಗತಿಗೆ ಅದರಲ್ಲಿ ಒಂದು ಅಧ್ಯಾಯವನ್ನಾದರೂ ಮೀಸಲಿಡತಕ್ಕದ್ದು. ಇದಕ್ಕಿಂತ ಸಣ್ಣ ಕಾರಣಗಳಿಗೆ ರಾಜ್ಯಗಳು ಉರುಳಿವೆ. ಇಲ್ಲಿ ಉರುಳಲು ರಾಜ್ಯವಿರಲಿಲ್ಲ. ದೋಣಿಕ್ಲಬ್ಬಿನ ಜೆಟ್ಟಿಯಲ್ಲಿ ಎರಡು ಮರದ ಕಂಬಗಳ ನಡುವಿನ ಮೂವತ್ತೇಳನೇ ನಂಬರಿನ ಜಾಗ ಮಾತ್ರ ಇತ್ತು.

ಆ ಜಾಗಕ್ಕಾಗಿ ರಘುನಾಥ ಒಂಬತ್ತು ವರ್ಷ ಸರದಿಯಲ್ಲಿ ಕಾದಿದ್ದ. ಈ ಊರಿನಲ್ಲಿ ದೋಣಿಯನ್ನು ಯಾರು ಬೇಕಾದರೂ ಕೊಳ್ಳಬಹುದು, ಕಟ್ಟಿಹಾಕಲು ಜಾಗ ಸಿಗುವುದೇ ಕಷ್ಟ. ತ್ಯಾಗರಾಜನಗರದಲ್ಲಿ ಹುಟ್ಟಿ, ನಲವತ್ತೊಂಬತ್ತು ವರ್ಷ ಈಜು ಕಲಿಯದೆ ಬದುಕಿ, ಈಗ ಐಟಿ ವಿಭಾಗವೊಂದರಲ್ಲಿ ಹನ್ನೊಂದು ಜನರ ಮೇಲೆ ಅಧಿಕಾರ ನಡೆಸುತ್ತಿದ್ದ ಅವನಿಗೆ ಏಪ್ರಿಲ್ ಮೊದಲ ವಾರ ಕ್ಲಬ್ಬಿನಿಂದ ಪತ್ರ ಬಂತು. ಎರಡನೇ ವಾರ ಅವನು ತನಗಿಂತ ಎರಡು ವರ್ಷ ಹಿರಿಯದಾದ, ಒಂಬತ್ತು ಮೀಟರಿನ ಹಾಯಿದೋಣಿಯೊಂದನ್ನು ಕೊಂಡ.

ಮಾರಿದವಳು ಒಬ್ಬ ಮುದುಕಿ. ಅವಳು ಅರ್ಧ ಹಾಳೆಯ ಮೇಲೆ ಮೂರು ಸಾಲು ಬರೆದು, ಸಹಿ ಹಾಕಿ, ಕಾರ್ಕಿನ ಉಂಡೆಗೆ ಪೋಣಿಸಿದ್ದ ಕೀಲಿ ಕೊಟ್ಟು, ಕಾಫಿ ಬೇಕೇ ಎಂದು ಕೇಳಿದಳು. ಮಿಕ್ಕ ಕಾಗದ ಎಲ್ಲಿ ಎಂದ ರಘುನಾಥ. ಮಿಕ್ಕ ಯಾವ ಕಾಗದ ಎಂದಳು ಮುದುಕಿ. ಅವನು ಕಾಫಿ ಕುಡಿಯದೆ ಬಂದ.

ಸ್ವೀಡನ್ನಿನಲ್ಲಿ ಹದಿನೈದು ಮೀಟರಿಗಿಂತ ಚಿಕ್ಕ ವಿಹಾರದೋಣಿಗೆ ನೋಂದಣಿ ಕಡ್ಡಾಯವಲ್ಲ, ವಾರ್ಷಿಕ ತೆರಿಗೆಯೂ ಇಲ್ಲ. ಇಂಥ ಸುದ್ದಿ ಕೇಳಿದರೆ ಮಿಕ್ಕವರು ಸಂತೋಷಪಡುತ್ತಾರೆ. ರಘುನಾಥ ತೆರಿಗೆ ಇಲಾಖೆಗೆ ಫೋನು ಮಾಡಿದ.

"ದೋಣಿಗೆ ರೋಡ್ ಟ್ಯಾಕ್ಸ್ ತರಹದ್ದು ಏನಾದರೂ?"

ಇಲ್ಲ ಎಂದಳು ಫೋನಿನವಳು.

"ಲೈಫ್ ಟ್ಯಾಕ್ಸ್? ಒಂದೇ ಸಲ ಕಟ್ಟೋದು?"

ಅದೂ ಇಲ್ಲ.

"ಹಾಗಾದರೆ ಇಲ್ಲ ಅನ್ನೋದಕ್ಕೆ ಒಂದು ಸರ್ಟಿಫಿಕೇಟ್ ಕೊಡಿ."

ಇಲ್ಲದ ತೆರಿಗೆಗೆ ನಮ್ಮಲ್ಲಿ ಫಾರಂ ಇಲ್ಲ ಎಂದಳು ಅವಳು. ಹೊಸದಾಗಿ ಕೆಲಸಕ್ಕೆ ಸೇರಿದವಳಿರಬೇಕು ಎಂದು ರಘುನಾಥ ತೀರ್ಮಾನಿಸಿದ.

ಪರದೇಶದ ಬಂದರುಗಳಿಗೆ ಹೋಗುವವರು ಬೇಕಿದ್ದರೆ ತಾವಾಗಿಯೇ ದೋಣಿಯನ್ನು ನೋಂದಾಯಿಸಿಕೊಳ್ಳಬಹುದು ಎಂಬುದು ಗೊತ್ತಾದ ಮೇಲೆ ಅವನಿಗೆ ನಿದ್ದೆ ಬಂತು. ಪರದೇಶಕ್ಕೇನು ಬರ? ಡೆನ್ಮಾರ್ಕ್ ಅಡುಗೆಮನೆಯ ಕಿಟಕಿಯಿಂದಲೇ ಕಾಣುತ್ತಿತ್ತು. ಆದರೆ ನೋಂದಣಿ ಯಾರ ಹೆಸರಿನಲ್ಲಿ ಎಂಬ ಪ್ರಶ್ನೆ ಬಂತು. ಅವನ ಜಾತಕದ ನಾಲ್ಕನೇ ಮನೆಯಲ್ಲಿ ಶನಿ ಕೂತಿದ್ದ. ಅವನ ಹೆಸರಿನಲ್ಲಿ ಕೊಂಡ ಮೊದಲ ಬೈಕು ಎಂಟನೇ ದಿನ ಕಳುವಾಗಿತ್ತು, ಮೊದಲ ಕಾರಿಗೆ ನೀರಿನ ಟ್ಯಾಂಕರ್ ಗುದ್ದಿತ್ತು. ವಾಹನಯೋಗ ಇದ್ದದ್ದು ಹೆಂಡತಿ ಭಾನುಮತಿಗೆ. ಮದುವೆಯಾದ ಇಪ್ಪತ್ತೆರಡು ವರ್ಷಗಳಲ್ಲಿ ಮನೆಗೆ ಬಂದ ಚಕ್ರವಿರುವ ಎಲ್ಲವೂ ಅವಳ ಹೆಸರಿಗೆ ಬಂದಿದ್ದವು. ಅವನು ತಪ್ಪು ಜಾಗದಲ್ಲಿ ಕಾರು ನಿಲ್ಲಿಸಿದ್ದಕ್ಕೆ ಬರುವ ದಂಡದ ಚೀಟಿಗಳೂ ಅವಳ ಹೆಸರಿಗೇ ಬರುತ್ತಿದ್ದವು.

ಮುದುಕಿಯ ಅರ್ಧ ಹಾಳೆಯಲ್ಲಿ ಇದ್ದದ್ದು ರಘುನಾಥನ ಹೆಸರು. ಆದ್ದರಿಂದ ದಾನಪತ್ರ ಬೇಕಾಯಿತು. ಸ್ವೀಡನ್ನಿನಲ್ಲಿ ಅದಕ್ಕೂ ಅರ್ಧ ಹಾಳೆ ಸಾಕು. ಅವನು ಜಯನಗರದ ಪತ್ರ ಬರಹಗಾರನೊಬ್ಬನಿಂದ ವಾಟ್ಸಾಪಿನಲ್ಲಿ ಕರಡು ತರಿಸಿ, ಅದನ್ನು ಸಾಲು ಬಿಡದೆ ಸ್ವೀಡಿಷ್‌ಗೆ ಅನುವಾದ ಮಾಡಿಸಿ, ಕನ್ನಡ ಪ್ರತಿಯನ್ನೂ ಲಗತ್ತಿಸಿ, ಅಕ್ಷಯ ತದಿಗೆಯ ದಿನ ಇಬ್ಬರು ಸಾಕ್ಷಿಗಳನ್ನು ಮನೆಗೆ ಕರೆದ. ಒಬ್ಬ ಮಹಡಿಯ ಮೇಲಿನ ನೆರೆಯವನು. ಇನ್ನೊಬ್ಬ ರಾಜಶೇಖರ.

ರಾಜಶೇಖರ ಮಲ್ಪೆಯ ಕಡೆಯವನು. ಅದೇ ಕ್ಲಬ್ಬಿನಲ್ಲಿ ಮೂವತ್ನಾಲ್ಕನೇ ಜಾಗ ಅವನದು, ಕ್ಲಬ್ಬಿನ ಜಾಗಗಳ ಪಟ್ಟಿ ನೋಡಿಕೊಳ್ಳುವ ಕೆಲಸವೂ ಅವನದೇ. ಅವನಿಗೆ ಸಮುದ್ರ ಗೊತ್ತಿತ್ತು. ಆ ಒಂದು ಕಾರಣಕ್ಕೆ ರಘುನಾಥನಿಗೆ ಅವನನ್ನು ಕಂಡರೆ ಆಗುತ್ತಿರಲಿಲ್ಲ.

"ಇದೆಲ್ಲ ಬೇಡಿತ್ತು ರಘುನಾಥ್ ಅವ್ರೇ," ಎಂದ ರಾಜಶೇಖರ, ಪೆನ್ನು ಹಿಡಿದುಕೊಂಡು. "ಕ್ಲಬ್ಬಿನ ರೂಲ್ ನೋಡಿದ್ದೀರಲ್ಲ? ಜಾಗ ಯಾರದ್ದೋ ಅವರದ್ದು ಅರ್ಧ ದೋಣಿಯಾದ್ರೂ ಇರ್ಬೇಕು."

"ಸಾಕ್ಷಿ ಸೈನ್ ಹಾಕಕ್ಕೆ ಕರೆದಿದ್ದು ಕಣ್ರೀ, ಜಡ್ಜ್‌ಮೆಂಟ್ ಕೊಡಕ್ಕಲ್ಲ. ಗಂಡ ಹೆಂಡತಿ ಮಧ್ಯೆ ಅರ್ಧ ಏನು, ಮುಕ್ಕಾಲೇನು?"

ರಾಜಶೇಖರ ಸಹಿ ಹಾಕಿ, ಪಾಯಸ ತಿಂದು ಹೋದ. ಹೊಟ್ಟೆಕಿಚ್ಚು ಎಂದ ರಘುನಾಥ, ಬಾಗಿಲು ಪೂರ್ತಿ ಮುಚ್ಚುವ ಮೊದಲೇ.

ಜೂನ್ ಮಧ್ಯದಲ್ಲಿ ನೋಂದಣಿ ಪತ್ರ ಬಂತು. ಅದಕ್ಕೆ ಅರಿಶಿನ ಕುಂಕುಮ ಹಚ್ಚಿ, ಫೋಟೋ ತೆಗೆದು, ಊರಿನ ಕನ್ನಡಿಗರ ಗುಂಪಿಗೆ ಕಳಿಸಿದ. ಭಾನುಮತಿಗೆ ಅಭಿನಂದನೆಗಳು, ಈಗ ಕ್ಯಾಪ್ಟನ್ ಯಾರು ಎಂದು ಯಾರೋ ಚೇಷ್ಟೆ ಮಾಡಿದರು. ರಘುನಾಥ ಉತ್ತರ ಬರೆದ: ಹೆಸರಿಗೆ ಮಾತ್ರ ಅವಳದ್ದು. ಆ ಗುಂಪಿನಲ್ಲಿ ಭಾನುಮತಿಯೂ ಇದ್ದಳು.

ಭಾನುಮತಿ ನಗರಸಭೆಯ ಶಿಶುವಿಹಾರದಲ್ಲಿ, ಇಲ್ಲಿಯವರು ದಾಗಿಸ್ ಎನ್ನುವಲ್ಲಿ, ಶಿಕ್ಷಕಿ. ಹದಿನೆಂಟು ಮಕ್ಕಳಿಗೆ ಮಳೆಯ ಅಂಗಿ ಹಾಕಿಸಿ ಸಾಲಾಗಿ ನಡೆಸಿಕೊಂಡು ಹೋಗುವಾಗಲೂ ಅವಳ ದನಿ ಏರುತ್ತಿರಲಿಲ್ಲ. ದೋಣಿಯ ಮೇಲೆ ಅವಳ ಕೆಲಸ ಹಗ್ಗ ಹಿಡಿಯುವುದು. ರಘುನಾಥನ ಕೆಲಸ ಚುಕ್ಕಾಣಿ ಹಿಡಿದು ಕೂಗುವುದು. "ಹಗ್ಗ ಹಿಡಿ ಅಂದ್ರೆ ಹಿಡೀಬೇಕು! ಯಾವ ಹಗ್ಗ ಅಂತ ಕೇಳ್ಬಾರ್ದು!" ದೋಣಿಯಲ್ಲಿ ಏಳು ಹಗ್ಗಗಳಿದ್ದವು.

ಜುಲೈ ಆರರ ಭಾನುವಾರ ಅಡ್ಡಗಾಳಿ ಇತ್ತು. ಮೂವತ್ತೇಳಕ್ಕೆ ನುಗ್ಗುವ ಬದಲು ದೋಣಿ ಮೂವತ್ತೆಂಟರ ದೋಣಿಗೆ ಸವರಿಕೊಂಡು ಹೋಯಿತು. ಜೆಟ್ಟಿಯ ಮೇಲೆ ಹತ್ತು ಹನ್ನೆರಡು ಜನ ಫಿಕಾ ಎಂಬ ಕಾಫಿ ವಿರಾಮದಲ್ಲಿ ಕೂತಿದ್ದರು. ಅವರ ಕಾಫಿ ಬಟ್ಟಲುಗಳು ಗಾಳಿಯಲ್ಲೇ ನಿಂತವು. "ಎಮ್ಮೆ! ಎಮ್ಮೆ ಥರ ನಿಂತಿದ್ದೀಯಲ್ಲೇ! ಅಷ್ಟೂ ಬುದ್ಧಿ ಇಲ್ವಾ? ದಂಡ ನಿನ್ನ ಕಟ್ಕೊಂಡಿದ್ದು!" ರಘುನಾಥ ಹೀಗೆ ಕೂಗಿದ್ದರ ಅರ್ಥ ಭಾಷೆ ಬಾರದವರಿಗೂ ತಿಳಿಯುವಂತಿತ್ತು. ರಾಜಶೇಖರ ಎದ್ದು ಬಂದು, ಭಾನುಮತಿಯ ಕೈಯಿಂದ ಹಗ್ಗ ತೆಗೆದುಕೊಂಡು ಕಂಬಕ್ಕೆ ಕಟ್ಟಿದ. ಅವಳು ಇಳಿದು ಬಸ್ಸು ಹಿಡಿದು ಮನೆಗೆ ಹೋದಳು.

ಕ್ಲಬ್ಬಿನಲ್ಲಿ ಪ್ರತಿ ಆಗಸ್ಟಿಗೆ ಪಟ್ಟಿ ಪರಿಷ್ಕರಣೆ. ಸದಸ್ಯರು ದೋಣಿ ತಮ್ಮದೇ ಎಂಬುದಕ್ಕೆ ಏನಾದರೂ ಒಂದು ಕಾಗದ ಕೊಡಬೇಕು. ಮಿಕ್ಕವರು ಎಣ್ಣೆಯ ಕಲೆಯಾದ ರಸೀದಿಗಳನ್ನು ಕೊಟ್ಟರು. ರಘುನಾಥ ಮುದುಕಿಯ ಅರ್ಧ ಹಾಳೆ ಕೊಟ್ಟಿದ್ದರೆ ಮುಗಿಯುತ್ತಿತ್ತು. ಅವನು ಸರ್ಕಾರಿ ನೋಂದಣಿ ಪತ್ರದ ಬಣ್ಣದ ಪ್ರತಿಯನ್ನೂ, ಹೆಚ್ಚಿನ ಭದ್ರತೆಗೆ ದಾನಪತ್ರವನ್ನೂ ಕೊಟ್ಟ.

ಮೂರು ದಿನಗಳ ಮೇಲೆ ಕ್ಲಬ್ಬಿನ ಕೋಣೆಗೆ ಕರೆ ಬಂತು. ಮೇಜಿನ ಆ ಕಡೆ ರಾಜಶೇಖರ, ಅವನ ಪಕ್ಕ ಬಂದರಿನ ಉಸ್ತುವಾರಿಯ ಸ್ತೂರೆ. ಎಪ್ಪತ್ತು ದಾಟಿದ ಈ ನಿವೃತ್ತ ಮೇಷ್ಟ್ರು ನಿಯಮಾವಳಿಯನ್ನು ಓದುತ್ತಿದ್ದದ್ದು ಭಕ್ತರು ಸಹಸ್ರನಾಮ ಓದಿದ ಹಾಗೆ, ಕಣ್ಣು ಮುಚ್ಚಿ.

ಈ ದೋಣಿ ನಿನ್ನದಲ್ಲ ಎಂದ ಸ್ತೂರೆ.

ರಘುನಾಥ ಅವನನ್ನು ಬಿಟ್ಟು ಕನ್ನಡದಲ್ಲಿ ರಾಜಶೇಖರನ ಮೇಲೆ ಬಿದ್ದ. "ಏನ್ರೀ ಇದು? ಹೆಂಡತಿ ಹೆಸರಲ್ಲಿದ್ರೆ ನಂದಲ್ವಾ?"

"ಅಲ್ಲ. ದಾನಪತ್ರ ಬರ್ದದ್ದು ನೀವು, ಸಾಕ್ಷಿ ಹಾಕಿದ್ದು ನಾನು. ಈಗ ನಾನು ಇಲ್ಲ ಅನ್ಲಿಕ್ಕೆ ಆಗ್ತದಾ?"

"ನನ್ನ ಜಾಗದ ಮೇಲೆ ನಿಮಗೆ ಮೊದಲಿಂದಾನೂ ಕಣ್ಣಿತ್ತು. ನಂಗೊತ್ತು."

"ಎಂಥ ಮಾತು ಮಾರಾಯ್ರೆ! ನಂಗೆ ಮೂವತ್ನಾಲ್ಕು ಉಂಟು. ಅಲ್ಲಿ ಗಾಳಿಯೂ ಕಮ್ಮಿ. ನಿಮ್ಮ ಜಾಗ ಯಾರಿಗೆ ಬೇಕು?"

"ಒಂಬತ್ತು ವರ್ಷ ಕಾದಿದ್ದೀನಿ ಕಣ್ರೀ ನಾನು!"

"ಓದ್ಲಿಕ್ಕೆ ಒಂಬತ್ತು ನಿಮಿಷ ಸಾಕಿತ್ತು."

ಏನು ಮಾತಾಡುತ್ತಿದ್ದೀರಿ ಎಂದು ಸ್ತೂರೆ ಕೇಳಿದ. ಗಾಳಿಯ ಬಗ್ಗೆ ಎಂದ ರಾಜಶೇಖರ.

ಸ್ತೂರೆ ಕಣ್ಣು ಮುಚ್ಚಿ ಎಂಟನೇ ನಿಯಮ ಹೇಳಿದ. ಭಾನುಮತಿ ಸದಸ್ಯೆಯಾಗಬಹುದು, ಆದರೆ ಸರದಿಯ ಬಾಲಕ್ಕೆ ನಿಲ್ಲಬೇಕು. ಇಲ್ಲವೇ ಅವಳು ಅರ್ಧ ದೋಣಿಯನ್ನು ಗಂಡನಿಗೆ ಬರೆದುಕೊಡಬಹುದು, ಒಂದು ಸಹಿಯ ಕೆಲಸ, ನಾಲ್ಕು ವಾರ ಸಮಯವಿದೆ. ನಮ್ಮಲ್ಲಿ ಗಂಡ ಹೆಂಡತಿ ಒಂದೇ ಎಂದು ರಘುನಾಥ ಎದೆಯುಬ್ಬಿಸಿ ಹೇಳಿದ. ಹಾಗಾದರೆ ನಾಲ್ಕು ವಾರ ಧಾರಾಳವಾಯಿತು ಎಂದ ಸ್ತೂರೆ.

ಅಂದು ಸಂಜೆಯೇ ರಘುನಾಥ ಹಾಳೆಯನ್ನು ಊಟದ ಮೇಜಿನ ಮೇಲಿಟ್ಟ.

"ಭಾನು, ಇಲ್ಲೊಂದು ಸೈನ್ ಹಾಕು."

"ಏನದು?"

"ಏನಿಲ್ಲ, ಫಾರ್ಮಾಲಿಟಿ."

ಭಾನುಮತಿ ಕನ್ನಡಕ ಹಾಕಿಕೊಂಡಳು. ಇಪ್ಪತ್ತೆರಡು ವರ್ಷ ಕನ್ನಡಕವಿಲ್ಲದೆ ಸಹಿ ಹಾಕಿದವಳು ಅವಳು. "ಅರ್ಧ ದೋಣಿ ನಿಮಗೆ ಬರ್ಕೊಡ್ತೀನಿ ಅಂತಿದೆ."

"ಹೂಂ."

"ಬರ್ಕೊಡಲ್ಲ."

"ಏನಂದೆ?"

"ಬರ್ಕೊಡಲ್ಲ ಅಂದೆ ರೀ. ಇನ್ನೊಂದು ಚಪಾತಿ ಹಾಕ್ಲಾ?"

"ಕೊಟ್ಟೋನು ನಾನು! ಕೊಟ್ಟೋನಿಗೇ ಇಲ್ಲ ಅಂತೀಯಾ?"

"ದಾನ ಕೊಟ್ಟಿದ್ದನ್ನ ವಾಪಸ್ ಕೇಳೋರನ್ನ ನಾನೂ ಈಗ್ಲೇ ನೋಡ್ತಿರೋದು." ಅವಳು ಎದ್ದು ಕಪಾಟಿನಿಂದ ದಾನಪತ್ರ ತಂದು, ಮಕ್ಕಳಿಗೆ ಕಥೆ ಓದುವ ದನಿಯಲ್ಲಿ ಓದಿದಳು. "ಇನ್ನು ಮುಂದೆ ಸದರಿ ದೋಣಿಯ ಮೇಲೆ ನನಗಾಗಲಿ, ನನ್ನ ವಾರಸುದಾರರಿಗಾಗಲಿ, ಯಾವುದೇ ಹಕ್ಕುಬಾಧ್ಯತೆ ಇರತಕ್ಕದ್ದಲ್ಲ."

ಇಲ್ಲೇ ಹುಟ್ಟಿ ಬೆಳೆದ ಮಗಳು ರಿಯಾ ತಟ್ಟೆಯಿಂದ ತಲೆಯೆತ್ತಿ ಸ್ವೀಡಿಷ್‌ನಲ್ಲಿ ಕೇಳಿದಳು, ವಾರಸುದಾರ ಅಂದರೆ ನಾನಾ ಎಂದು. ಹೌದು ಎಂದಳು ತಾಯಿ. ಪಪ್ಪಾ ನನ್ನ ಹಕ್ಕನ್ನೂ ಬಿಟ್ಟುಕೊಟ್ಟಿದ್ದಾರಾ ಎಂದು ರಿಯಾ ನಗತೊಡಗಿದಳು.

"ನೀನು ಸುಮ್ನೆ ತಿನ್ನು! ಭಾನು, ನಿನಗೆ ಆ ದೋಣಿ ಬೇಕಾ? ಬೇಡ. ನನ್ನ ಜಾಗ ಹೋಗತ್ತೆ ಕಣೇ. ಇನ್ನೊಂದು ಸಲ ಸಿಗೋ ಹೊತ್ತಿಗೆ ನಾನು ಷಷ್ಟ್ಯಬ್ದಿ ಮಾಡ್ಕೊಂಡಿರ್ತೀನಿ."

"ಜುಲೈ ಆರನೇ ತಾರೀಕು ಜೆಟ್ಟಿ ಹತ್ರ ಏನಂದ್ರಿ?"

"ಏನೋ ಅಂದಿರ್ತೀನಿ. ಗಾಳಿ ಇತ್ತು."

"ಎಮ್ಮೆ ಅಂದ್ರಿ."

"ಅಯ್ಯೋ, ಕನ್ನಡದಲ್ಲಿ ತಾನೆ? ಅಲ್ಲಿ ಯಾರಿಗೆ ಅರ್ಥ ಆಗತ್ತೆ?"

"ನನಗೆ ಆಗತ್ತೆ."

ಅವಳು ಕನ್ನಡಕ ತೆಗೆದು ತನ್ನ ಷರತ್ತು ಹೇಳಿದಳು. "ಅದೇ ಜೆಟ್ಟಿ ಮೇಲೆ, ಅದೇ ಜನರ ಮುಂದೆ, ಅವರಿಗೆ ಅರ್ಥ ಆಗೋ ಭಾಷೇಲಿ, ಭಾನುಮತಿ ನನ್ನಿಂದ ತಪ್ಪಾಯ್ತು ಅನ್ನಿ. ಅಷ್ಟೇ. ಅವತ್ತೇ ಸೈನ್ ಹಾಕ್ತೀನಿ. ಪೆನ್ನೂ ನಾನೇ ತರ್ತೀನಿ."

ಮೂರು ವಾರ ಆ ಮನೆಯಲ್ಲಿ ಉಪ್ಪು ಹುಳಿಯ ಬಗ್ಗೆ ಮಾತ್ರ ಮಾತು ನಡೆಯಿತು. ರಘುನಾಥ ಮೊದಲು ಬೆದರಿಸಿದ, ಆಮೇಲೆ ಬೆಂಗಳೂರಿನ ಅತ್ತೆಗೆ ಫೋನು ಮಾಡಿ ದೂರಿದ. ಅತ್ತೆ ಪೂರ್ತಿ ಕೇಳಿಸಿಕೊಂಡು, ಎಮ್ಮೆ ಅಂದ್ರಾ ಅಳಿಯಂದ್ರೇ ಎಂದು ಕೇಳಿ ಫೋನಿಟ್ಟರು. ಕಚೇರಿಯಲ್ಲಿ ಹನ್ನೊಂದು ಜನ ಅವನ ಕಣ್ಣಿಗೆ ಬೀಳದಂತೆ ಓಡಾಡಿದರು.

ಸೆಪ್ಟೆಂಬರ್ ಮೊದಲ ಶನಿವಾರ ಕ್ಲಬ್ಬಿನ ಸಿಗಡಿಯೂಟ. ಜೆಟ್ಟಿಯ ಮೇಲೆ ಉದ್ದನೆಯ ಮೇಜು, ಕಾಗದದ ಟೊಪ್ಪಿಗೆಗಳು, ನಡುನಡುವೆ ಎಲ್ಲರೂ ಸೇರಿ ಹೇಳುವ ಹಾಡುಗಳು. ಜುಲೈಯಲ್ಲಿ ಕಾಫಿ ಹಿಡಿದಿದ್ದವರೆಲ್ಲ ಇದ್ದರು. ಸಸ್ಯಾಹಾರಿಯಾದ ಭಾನುಮತಿ ಬ್ರೆಡ್ಡು ಚೀಸು ಇಟ್ಟುಕೊಂಡು ಕೂತಿದ್ದಳು, ಕೈಚೀಲದಲ್ಲಿ ಹಾಳೆ ಮತ್ತು ಪೆನ್ನು. ಎರಡನೇ ಹಾಡು ಮುಗಿದ ಮೇಲೆ ರಘುನಾಥ ಎದ್ದು ನಿಂತು ಲೋಟಕ್ಕೆ ಚಮಚ ತಟ್ಟಿದ. ಅವನು ನಿಜವಾಗಿಯೂ ಹೇಳಲೆಂದೇ ಎದ್ದಿದ್ದ. ಅಭ್ಯಾಸ ಮಾಡಿದ ವಾಕ್ಯ ಗಂಟಲಿನವರೆಗೆ ಬಂದಿರಲೂಬಹುದು. ಆದರೆ ಅಷ್ಟು ಮುಖಗಳು ತಿರುಗಿ ಅವನನ್ನು ನೋಡಿದವು.

ಜುಲೈಯಲ್ಲಿ ಒಂದು ದಿನ ನಮ್ಮ ದೋಣಿಯಿಂದ ಸ್ವಲ್ಪ ಗದ್ದಲವಾಯಿತು, ನಿಮ್ಮ ಕಾಫಿಗೆ ತೊಂದರೆಯಾಗಿದ್ದರೆ ಕ್ಷಮಿಸಿ, ಅವತ್ತು ಗಾಳಿ ಜಾಸ್ತಿ, ಹೆಂಡತಿಗೆ ಇನ್ನೂ ಹಗ್ಗಗಳ ಅಭ್ಯಾಸವಿಲ್ಲ ಎಂದು ಅವನು ಸ್ವೀಡಿಷ್‌ನಲ್ಲಿ ಹೇಳಿದ.

ಎಲ್ಲರೂ ಚಪ್ಪಾಳೆ ತಟ್ಟಿದರು. ನೀರಿನ ಮೇಲೆ ದನಿ ದೂರ ಹೋಗುತ್ತದೆ, ಪರವಾಗಿಲ್ಲ ಎಂದ ಸ್ತೂರೆ.

"ಹೇಳ್ಬೇಕಾದ್ದು ಅದಲ್ಲ ಮಾರಾಯ್ರೆ," ಎಂದ ರಾಜಶೇಖರ, ಸಿಗಡಿಯ ಚಿಪ್ಪು ಬಿಡಿಸುತ್ತ.

"ನಿಮ್ಮನ್ನ ಕೇಳಿದ್ನಾ?" ರಘುನಾಥ ಕೂತು ಹೆಂಡತಿಯ ಕಡೆ ಕೈ ಚಾಚಿದ. "ಕೊಡು. ಹೇಳಿದ್ನಲ್ಲ."

"ಅವರ ಕಾಫಿಗೆ ಹೇಳಿದ್ರಿ," ಎಂದಳು ಭಾನುಮತಿ. ಅವಳು ಜಾಕೆಟ್ಟಿನ ಜಿಪ್ಪು ಎಳೆದುಕೊಂಡು, ಪಕ್ಕದವರಿಗೆಲ್ಲ ಶುಭರಾತ್ರಿ ಹೇಳಿ ಹೊರಟಳು.

ಅವಳು ಸಹಿ ಹಾಕಲಿಲ್ಲ. ಸೆಪ್ಟೆಂಬರ್ ಹದಿನೈದಕ್ಕೆ ಗಡುವು ಮುಗಿಯಿತು, ಮೂವತ್ತೇಳನೇ ಜಾಗ ಸರದಿಯಲ್ಲಿ ಮುಂದಿದ್ದ ನರ್ಸ್ ಒಬ್ಬಳಿಗೆ ಹೋಯಿತು. ಭಾನುಮತಿ ದೋಣಿಯನ್ನು ಅದೇ ತಿಂಗಳು ಮಾರಿದಳು.