ಒಣ ಹಂಚಿನ ಲೆಕ್ಕ

ಆ ಹನಿ ಬೀಳಲಿಲ್ಲ, ಹಂಚಿನ ತುದಿಗೆ ಬಂದು ನಿಂತಿತು, ಕೆಂಪಾಯಿತು, ಆಮೇಲೆ ಇಲ್ಲ — ಎಲ್ಲಿ ಹೋಯಿತು, ಹಂಚೇ ಕುಡಿಯಿತೇ, ಎಂಜಿನಿಯರ್ ಆನ್ಸನ್ ಕತ್ತೆತ್ತಿ ನೋಡುತ್ತಲೇ ಇದ್ದಾನೆ, ಬೋಳಾರದ ಈ ಮುಚ್ಚಿದ ಹಂಚಿನ ಕಾರ್ಖಾನೆಯ ಮಾಡಿನಿಂದ ಒಂಬೈನೂರು ಹಂಚುಗಳು ಉಕ್ಕಿನ ತಂತಿಗಳಲ್ಲಿ ತೂಗುತ್ತಿವೆ, ಕೆಳಗೆ ಕಲಾಪ್ರದರ್ಶನಕ್ಕೆ ಬಂದ ಜನ ಚಾಪೆಯ ಮೇಲೆ ಅಂಗಾತ ಮಲಗಿ ಬಾಯಿ ಬಿಟ್ಟು ನೋಡುತ್ತಿದ್ದಾರೆ, ಭಾರದ ಲೆಕ್ಕ ಅವನದು, ಸಹಿ ಅವನದು, ಹಂಚೊಂದಕ್ಕೆ ಎರಡು ಕಿಲೋ ನಾನೂರು ಗ್ರಾಂ, ಒಣ ಹಂಚು, ಒಣ — ಮಂಜು ಬಿಡುವ ಯಂತ್ರ ಆಗ ಇರಲೇ ಇಲ್ಲ, ಅದು ಕಲಾವಿದೆ ನಿರೀಕ್ಷಾಳ ಕೊನೆಯ ವಾರದ ಹುಚ್ಚು, ಆನ್ಸನ್, ಸ್ವಲ್ಪ ಮಿಸ್ಟ್ ಬಿಟ್ಟರೆ ಎಂತ ಆಗ್ತದೆ, ಎಂತದೂ ಆಗುವುದಿಲ್ಲ ಮೇಡಂ, ಅಂದವನೂ ಅವನೇ. ಆಗ ಹೇಮಾಕ್ಷಿಯಕ್ಕ, ಇಲ್ಲೇ ಮೂವತ್ತು ವರ್ಷ ಹಂಚು ಹೊತ್ತವಳು, ಈಗ ಗುಡಿಸಲು ಬರುವವಳು, ಹಿಡಿಸೂಡಿ ಊರಿ ನಿಂತು, ಸಾರ್, ಹಂಚು ನೀರು ಕುಡೀತದೆ, ಮಳೆಗಾಲದಲ್ಲಿ ಹೊತ್ತ ತಲೆಗೆ ಗೊತ್ತುಂಟು, ಒಮ್ಮೆ ನೆನೆಸಿ ತೂಗಿ ನೋಡಿ. ಅವನು ಏನಂದ, ಎಲ್ಲರೆದುರು, ಅಕ್ಕಾ, ನೀವೇ ಸಹಿ ಹಾಕಿ ಮಾರಾಯ್ರೆ, ನಾನು ಗುಡಿಸ್ತೇನೆ — ವೆಲ್ಡರುಗಳು ಹೊಟ್ಟೆ ಹಿಡಿದು ನಕ್ಕರು, ಅವನಿಗೂ ಆ ನಗು ಹಿತವಾಗಿತ್ತು.

ನೂರಕ್ಕೆ ಹದಿನೆಂಟು ಪಾಲು ಕುಡಿದರೂ ನಾನೂರು ಕಿಲೋದಷ್ಟು ಹೆಚ್ಚು, ನೂರು ವರ್ಷದ ಮರದ ತೊಲೆಗೆ — ಮೇಲೆ ಟಣ್ ಎಂದಿತು, ತೊಲೆಯ ಬೋಲ್ಟ್ ಸಡಿಲಿದ ಸದ್ದು ಅದು, ಜನ ಸಂಗೀತವೆಂದುಕೊಂಡು ಚಪ್ಪಾಳೆ ತಟ್ಟಿದರು, ನಟ್ಟನಡುವೆ ಮಲಗಿರುವುದು ಹೇಮಾಕ್ಷಿಯಕ್ಕ, ಕಾರ್ಖಾನೆಯ ಹಳೆ ಜೀವವೆಂದು ನಿರೀಕ್ಷಾ ಕರೆಸಿದ ಅತಿಥಿ, ಮದುವೆಮನೆಗೆ ಉಡುವ ಸೀರೆ, ಮುಡಿ ತುಂಬ ಮಲ್ಲಿಗೆ, ಬೆಳಿಗ್ಗೆ ಕೇಳಿದ್ದಳು, ನೆನೆಸಿ ತೂಗಿದ್ದೀರಾ ಸಾರ್, ತೂಗಿದ್ದೇನೆ ಅಕ್ಕ, ನೀವು ಧೈರ್ಯವಾಗಿ ಮಲಗಿ — ಆ ಸುಳ್ಳನ್ನು ನಂಬಿ ಮಲಗಿದ್ದಾಳೆ. ಕೂಗು, ಏಳಿ ಅನ್ನು, ಒಂದೇ ಮಾತು — ಕೂಗಿದರೆ ಗುಡಿಸುವವಳದು ಸರಿ, ಸಹಿ ಹಾಕಿದವನದು ತಪ್ಪು, ನಾಳೆ ಕೊಡಿಯಾಲ್‌ಬೈಲಿನ ಆಫೀಸಿನಲ್ಲಿ ಅದೇ ನಗು, ಈ ಸಲ ಅವನನ್ನು ನೋಡಿ, ಇನ್ನು ಐದೇ ನಿಮಿಷ, ಮುಗಿಯುತ್ತದೆ, ತಾನಾಗಿ ಏಳುತ್ತಾಳೆ, ನಾಚಿಕೆಗೇಡಿ, ಹೌದು, ನಾಚಿಕೆಗೇಡಿಯೇ — ಅವಳು ಅವನನ್ನು ಕಂಡಳು, ಮಲಗಿದಲ್ಲೇ ಬೆರಳು ಮೇಲೆ ತೋರಿಸಿ ನಕ್ಕಳು, ಕುಡೀತಾ ಉಂಟು ಸಾರ್, ನೋಡಿ, ಆನ್ಸನ್ ತಿರುಗಿ ನಕ್ಕ, ಟಣ್, ಇನ್ನೊಂದು, ಜನರ ಜೊತೆ ಅವನೂ ಚಪ್ಪಾಳೆ ತಟ್ಟಿದ, ಅವಳ ಹಣೆಯ ನೇರ ಮೇಲೆ, ಹಂಚಿನ ತುದಿಯಲ್ಲಿ, ಒಂದು ಹನಿ, ಬಂದು ನಿಂತಿತು, ಕೆಂಪಾಯಿತು, ಬೀಳಲಿಲ್ಲ —