ಡ್ಯಾಂಪರಿನ ಹಿಡಿಕೆ

ನನ್ನ ಮಗ ತೀರಿಕೊಂಡ ಇಪ್ಪತ್ತೆರಡನೆಯ ದಿನ ಸಿಮೆಂಟ್ ಕಾರ್ಖಾನೆಯ ಮ್ಯಾನೇಜರು ನನ್ನನ್ನೂ ಸೊಸೆಯನ್ನೂ ಕರೆಸಿದ. ಅದೇ ಕಾರ್ಖಾನೆಯಲ್ಲಿ ಸುಣ್ಣಕಲ್ಲು ಸುಡುವ ಗೂಡಿನ ಮುಂದೆ ಮೂವತ್ತೊಂದು ವರ್ಷ ದುಡಿದು ನಿವೃತ್ತನಾದವನು ನಾನು. ನಮ್ಮ ಕಾಲದಲ್ಲಿ ಗೂಡಿನ ಬಿಸಿಗಾಳಿ ಚಿಮಣಿ ಹತ್ತಿ ಹೋಗುತ್ತಿತ್ತು. ನನ್ನ ಕೊನೆಯ ವರ್ಷವಷ್ಟೇ ಅದನ್ನು ಬಾಯ್ಲರಿಗೆ ತಿರುಗಿಸಿ, ನೀರನ್ನು ಉಗಿ ಮಾಡಿ, ಕರೆಂಟು ತೆಗೆಯತೊಡಗಿದರು. ಮಗ ಆ ಬಾಯ್ಲರಿನ ಕೆಲಸಗಾರನಾಗಿದ್ದ. "ಮೂವತ್ತು ವರ್ಷ ಆಕಾಶ ಕಾಯಿಸಿದ್ರಲ್ಲ ಅಪ್ಪ, ಅದಕ್ಕೆ ಚಳಿ ಬಿಡ್ತಾ?" ಎಂದು ಗೇಲಿ ಮಾಡುತ್ತಿದ್ದ.

ಮ್ಯಾನೇಜರನ ಕೋಣೆ ತಣ್ಣಗಿತ್ತು. ಗೋಡೆಯ ಮೇಲೊಂದು ಬೋರ್ಡು. ಇಂದು ಎಷ್ಟು ಯೂನಿಟ್ ಕರೆಂಟು ಬಂತೆಂಬ ಅಂಕಿ ಅದರಲ್ಲಿ ಕೆಂಪಗೆ ಓಡುತ್ತಿತ್ತು. ಬಾಯ್ಲರಿನ ಗುಂಡಿಗಳನ್ನು ಮೇಲಿನ ಕೋಣೆಯಿಂದ ಒತ್ತುವ ಆಪರೇಟರ್ ಗೋಡೆಗೆ ಒರಗಿ ನೆಲ ನೋಡುತ್ತ ನಿಂತಿದ್ದ. ಯಾವುದೋ ಕಾಗದಕ್ಕೆ ಅವನೂ ಸಾಕ್ಷಿಯೆಂದು ಸಹಿ ಹಾಕಬೇಕಿತ್ತಂತೆ.

"ನೀವು ಗೂಡು ಕಂಡ ಹಿರಿಯರು, ನಿಮಗೆ ನಾನೇನು ಹೇಳೋದು?" ಎಂದು ಮ್ಯಾನೇಜರು ಕಾಗದವನ್ನು ಮುಂದೆ ಸರಿಸಿದ. "ಇದೊಂದು ಸಹಿ ಹಾಕಿಬಿಡಿ. ಬಾಯ್ಲರ್ ಮನೆಗೆ ನಿಮ್ಮ ಮಗನ ಹೆಸರೇ ಇಡ್ತೀವಿ."

ಕನ್ನಡಕ ಹಾಕಿಕೊಂಡು ಓದಿದೆ. "ಡ್ಯಾಂಪರ್ ತಿರುಗಿಸದೆ ಧೂಳಿನ ಬಾಗಿಲು ತೆರೆದದ್ದು ಮೃತನ ಅಜಾಗರೂಕತೆ."

ಬಾಯ್ಲರಿನ ತಳದಲ್ಲಿ ಬಿಸಿ ಧೂಳು ಕಟ್ಟಿಕೊಳ್ಳುತ್ತದೆ. ಸಣ್ಣ ಬಾಗಿಲು ತೆರೆದು ಸಲಾಕೆಯಿಂದ ಅದನ್ನು ಕೆದಕಿ ಬೀಳಿಸಬೇಕು. ಅದಕ್ಕೂ ಮೊದಲು ಡ್ಯಾಂಪರ್ ಎಂಬ ದೊಡ್ಡ ಕಬ್ಬಿಣದ ಕದವನ್ನು ತಿರುಗಿಸಿ ಬಿಸಿಗಾಳಿಯನ್ನು ಚಿಮಣಿಗೆ ಕಳಿಸಬೇಕು. ಅಷ್ಟು ಹೊತ್ತು ಕರೆಂಟು ಬರುವುದಿಲ್ಲ. ಕದ ತಿರುಗಿಸದಿದ್ದರೆ ಬೆಂಕಿಯಂಥ ಧೂಳು ಮೈಮೇಲೆ ಸುರಿಯುತ್ತದೆ. ನನ್ನ ಮಗನ ಮೇಲೆ ಸುರಿದದ್ದು ಅದೇ. ಅವನ ಮುಖವನ್ನು ಅವನ ಹೆಂಡತಿಗೆ ತೋರಿಸಲಿಲ್ಲ.

ಸತ್ತವನು ಎದ್ದು ಬಂದು ಇಲ್ಲವೆನ್ನಲಾರನೆಂದು ಅವನ ತಲೆಯ ಮೇಲೆ ಗೂಬೆ ಕೂರಿಸಲು ಹೊರಟಿದ್ದರು.

"ಅಮ್ಮಾ, ಆ ಚೀಲ ಕೊಡು" ಎಂದೆ ಸೊಸೆಗೆ.

ಆಸ್ಪತ್ರೆಯವರು ಕೊಟ್ಟ ಚೀಲ. ಅದರೊಳಗೆ ಒಂದು ಬೂಟು, ಸುಟ್ಟ ಬೆಲ್ಟು, ಬೆಲ್ಟಿಗೆ ಸಿಕ್ಕಿಸಿದ್ದ ಡ್ಯಾಂಪರಿನ ಹಿಡಿಕೆ. ಸೊಸೆ ಹಿಡಿಕೆಯನ್ನು ತೆಗೆದು ಮೇಜಿನ ಮೇಲಿಟ್ಟಳು.

"ಗೊತ್ತಾಯ್ತಾ ಇದು?" ಎಂದೆ. "ಕದ ಪೂರ್ತಿ ಚಿಮಣಿ ಕಡೆ ತಿರುಗಿದ ಮೇಲೇ ಇದು ಕಳಚಿ ಬರೋದು. ಇದಿಲ್ದೆ ಯಾರೂ ಕದ ವಾಪಸ್ ತಿರುಗಿಸೋಕಾಗಲ್ಲ. ಬಾಗಿಲಿಗೆ ಹೋಗೋನು ಇದನ್ನ ಸೊಂಟಕ್ಕೆ ಸಿಕ್ಕಿಸ್ಕೊಂಡೇ ಹೋಗ್ಬೇಕು. ಅವನಿಗೆ ಕಲಿಸಿದೋನು ನಾನು. ತಿರುಗಿಸದೆ ಇದು ಅವನ ಸೊಂಟಕ್ಕೆ ಹೇಗೆ ಬಂತು?"

ಮ್ಯಾನೇಜರು ಮುಖ ಸಿಂಡರಿಸಿದ. "ಅಯ್ಯೋ, ಅದು ಹಳೇ ಕಾಲದ ಮಾತು. ಹೋದ ತಿಂಗಳೇ ಮೋಟರ್ ಕೂರಿಸಿದೀವಿ. ಈ ಹಿಡಿಕೆ ಇಲ್ದೇನೂ ಮೇಲಿಂದ ಕದ ತಿರುಗಿಸಬಹುದು..." ಎಂದವನು ತಟ್ಟನೆ ನಾಲಿಗೆ ಕಚ್ಚಿಕೊಂಡ.

"ಈ ವಿಷಯ ಅವರಿಗೆ ಹೇಳಿದ್ರಾ?" ಎಂದಳು ಸೊಸೆ.

ಗೋಡೆಯ ಕಡೆಯಿಂದ ಆಪರೇಟರನ ದನಿ ಬಂತು.

"ಕೆಳಗಿನೋರಿಗೆ ಯಾರೂ ಹೇಳಿರ್ಲಿಲ್ಲ ಅಕ್ಕ. ಯೂನಿಟ್ ಇಳೀತಿದೆ, ಗಾಳಿ ಬಾಯ್ಲರಿಗೆ ಬಿಡು ಅಂತ ಸಾರ್ ಫೋನ್ ಮಾಡಿದ್ರು. ಬಾಗಿಲಲ್ಲಿ ಜನ ಇದಾರೇನೋ ಅಂದೆ. ಒತ್ತು ಅಂದ್ರು. ಒತ್ತಿದೆ."

"ಬಾಯಿ ಮುಚ್ಚೋ!" ಎಂದು ಮ್ಯಾನೇಜರು ಗುಡುಗಿದ.

"ಇವನ ಬಾಯಿ ಮುಚ್ಚೋಕೂ ಒಂದು ಗುಂಡಿ ಇಟ್ಕೊಂಡಿದೀರಾ ಸಾರ್?" ಎಂದಳು ಸೊಸೆ.

ನಾನು ಕಾಗದವನ್ನು ಮಡಿಸಿ ಜೇಬಿಗೆ ಹಾಕಿಕೊಂಡೆ.

"ಅದು ಕಂಪನಿ ಕಾಗದ. ಆ ಹಿಡಿಕೆನೂ ಕಂಪನಿದು. ಎರಡನ್ನೂ ಇಟ್ಟು ಹೋಗಿ" ಎಂದು ಅವನು ಎದ್ದು ನಿಂತ.

"ಹಿಡಿಕೆ ನನ್ನ ಮಗನ ಸೊಂಟದಲ್ಲಿತ್ತು. ಧೈರ್ಯ ಇದ್ರೆ ನನ್ನ ಸೊಂಟದಿಂದ ಬಿಚ್ಕೋ."

ಅದನ್ನು ಸೊಂಟಕ್ಕೆ ಸಿಕ್ಕಿಸಿಕೊಂಡೆ. ಅವನು ಮೇಜು ದಾಟಿ ಬರಲಿಲ್ಲ.

ಹೊರಗೆ ಬಂದು ಮೆಟ್ಟಿಲ ಮೇಲೆ ಕುಳಿತೆ. ಮಗ ಕೆಲಸಕ್ಕೆ ಸೇರಿದ ದಿನ ನಾನು ಅವನಿಗೆ ಹೇಳಿದ್ದೆ: "ಹಿಡಿಕೆ ಸೊಂಟದಲ್ಲಿದ್ರೆ ಯಮನೂ ಕದ ತಿರುಗಿಸಲಾರ." ಅಪ್ಪನ ಮಾತೆಂದು ನಂಬಿ ಆ ಬಾಗಿಲ ಮುಂದೆ ನಿರ್ಭಯವಾಗಿ ಬಗ್ಗಿದನಲ್ಲ! ಯಮನಿಗೆ ಮೋಟರ್ ಕೊಟ್ಟವರು ನನಗೂ ಹೇಳಲಿಲ್ಲ, ಅವನಿಗೂ ಹೇಳಲಿಲ್ಲ.

"ಏಳಿ ಮಾವ" ಎಂದಳು ಸೊಸೆ. "ಕಾರ್ಖಾನೆ ಇನ್‌ಸ್ಪೆಕ್ಟರ್ ಆಫೀಸು ಐದಕ್ಕೆ ಮುಚ್ಚುತ್ತೆ."

ಹಿಂದೆ ಹೆಜ್ಜೆ ಸಪ್ಪಳವಾಯಿತು. ಆಪರೇಟರ್ ಬಂದು ನಿಂತಿದ್ದ. "ನಾನೂ ಬರ್ತೀನಿ. ಬೇಡ ಅಂದ್ರೆ ಹಿಂದೆ ಬರೋ ಬಸ್ಸಲ್ಲಿ ಬರ್ತೀನಿ" ಎಂದ. ಅವನ ಕೆನ್ನೆಗೆ ಬಾರಿಸಬೇಕೆನ್ನಿಸಿತು. ಬಾರಿಸಲಿಲ್ಲ, ಕ್ಷಮಿಸಲೂ ಇಲ್ಲ. "ಇದೇ ಬಸ್ಸಿಗೆ ಬಾ" ಎಂದೆ.

ಇಪ್ಪತ್ತೆರಡು ದಿನ ಬೆಳಗಾದರೆ ದೇವರಲ್ಲಿ ಶಾಂತಿ ಬೇಡಿದ್ದೆ. ಬಸ್ಸು ಹತ್ತುವಾಗ ಬೇಡಿಕೆ ಬದಲಿಸಿದೆ. ಸ್ವಾಮಿ, ಆ ಕಾಗದದ ಸಾಲು ಅಳಿಯುವ ತನಕ ನನಗೆ ಶಾಂತಿ ಕೊಡಬೇಡ.