ಮೊಳದುದ್ದದ ಮೂರು ವರ್ಷ

ಮಳೆಗಾಲ ಹಿಂದೆ ಸರಿಯುವ ದಿನಗಳು. ಕಡಲ ತಳದ ತಣ್ಣೀರು ಮೇಲೆದ್ದಿತ್ತು. ಅದರ ಬೆನ್ನಿಗೇ ತಾರ್ಲೆ ಮೀನಿನ ಹಿಂಡು ಹೊನ್ನಾವರದ ಎದುರಿನ ನೀರಿಗೆ ಬಂದಿತ್ತು. ಬೆಳಗಿನಿಂದ ನಮಗೆ ಬಿಡುವಿಲ್ಲ. ನಮ್ಮ ಒಡತಿ ಬಾಯಿ ತೆರೆದು ಒಂದು ಕೊಳದಷ್ಟು ನೀರು ತುಂಬಿಕೊಳ್ಳುವಳು, ಬಾಯಿ ಮುಚ್ಚಿ ನಾಲಿಗೆಯಿಂದ ಹೊರಗೆ ನೂಕುವಳು. ನೀರು ಹೋಗಬೇಕು, ಮೀನು ಉಳಿಯಬೇಕು. ಅದು ನಮ್ಮ ಕೆಲಸ.

ನಾನು ತಿಮಿಂಗಿಲದ ಬಾಯಿಯ ಜರಡಿಯಲ್ಲಿ ಒಂದು ಹಲಗೆ. ಅವಳ ಹಲ್ಲಿಲ್ಲದ ಬಾಯಲ್ಲಿ ಹಲ್ಲಿನ ಬದಲಿಗೆ ನಾವು ಐದಾರು ನೂರು ಮಂದಿ ಒತ್ತೊತ್ತಾಗಿ ತೂಗಿಕೊಂಡಿದ್ದೆವು. ಜಾತಿಯಲ್ಲಿ ನಾನು ನಿಮ್ಮ ಉಗುರಿನ ಕುಲದವನು. ಬುಡ ಅವಳ ಒಸಡಿನಲ್ಲಿ, ಒಳಅಂಚಿನಲ್ಲಿ ಬಿರುಸಾದ ಕೂದಲು, ಉದ್ದ ಒಂದು ಮೊಳ. ಉಗುರಿನಂತೆಯೇ ಬುಡದಿಂದ ಬೆಳೆಯುತ್ತಿದ್ದೆ, ತುದಿಯಲ್ಲಿ ಸವೆಯುತ್ತಿದ್ದೆ. ವರ್ಷಕ್ಕೆ ಎಂಟು ಬೆರಳು. ಬೆಳೆಯುವಾಗ ಅವಳ ರಕ್ತದಲ್ಲಿ ಏನು ಹರಿಯುತ್ತಿತ್ತೋ ಅದರ ಚೂರು ನನ್ನೊಳಗೂ ಕೂರುತ್ತಿತ್ತು. ನನಗೆ ಅದು ಗೊತ್ತಿರಲಿಲ್ಲ. ಬಟ್ಟೆಗೆ ತನ್ನ ಮೇಲಿನ ಕಸೂತಿ ಕಾಣಿಸುತ್ತದೆಯೇ?

ಅವಳ ಬಗ್ಗೆ ನನಗೆ ಗೊತ್ತಿದ್ದದ್ದು ಬಾಯಿಯ ಮಟ್ಟಿಗೆ ಮಾತ್ರ. ಬಾಲದ ಕಡೆಯ ಸುದ್ದಿ ನಲವತ್ತಡಿ ದೂರದ್ದು. ಆದರೂ ಹೇಳುತ್ತೇನೆ, ಅಷ್ಟು ದೊಡ್ಡ ಬಲ ಅಷ್ಟು ಮೆತ್ತಗೆ ನಡೆದದ್ದನ್ನು ನಾನು ಬೇರೆಲ್ಲೂ ಕಾಣಲಿಲ್ಲ.

ಆ ದಿನ ಮೀನಿನ ಜೊತೆ ಬಲೆಯೂ ಬಾಯಿಗೆ ಬಂತು. ನೀಲಿ ನೂಲಿನ ಬಲೆ. ಅವಳು ತಿರುಗಿದಷ್ಟೂ ಸುತ್ತಿಕೊಂಡಿತು, ಬಾಲಕ್ಕೆ ಹಗ್ಗ ಬಿಗಿಯಿತು. ಬಿಸಿಲು ನೆತ್ತಿಗೆ ಬರುವವರೆಗೂ ಒದ್ದಾಡಿದಳು. ಆಮೇಲೆ ಸುಮ್ಮನೆ ತೇಲಿದಳು. ಉಸಿರು ಮಾತ್ರ ಹೊಡೆದುಕೊಳ್ಳುತ್ತಿತ್ತು.

ಒಂದು ದೋಣಿ ಪಕ್ಕಕ್ಕೆ ಬಂತು. ಅದರಲ್ಲಿದ್ದವನು ಜಟ್ಟಪ್ಪ ಹರಿಕಂತ್ರ. ಬಲೆ ಅವನದು ಅರ್ಧ, ಹೆಂಡತಿ ಗಣಪಿಯ ಅಣ್ಣ ಸೋಮಯ್ಯನದು ಅರ್ಧ. ಸೋಮಯ್ಯ ಆ ದಿನ ಜ್ವರವೆಂದು ಮನೆಯಲ್ಲಿದ್ದ. ದೋಣಿಯಲ್ಲಿದ್ದ ಇನ್ನೊಬ್ಬ, "ಸ್ವಲ್ಪ ತಡಿ ಮಾರಾಯ, ಸತ್ತ ಮೇಲೆ ಬಲೆ ಬಿಡಿಸ್ಕಂಡ್ರೆ ಆತದೆ," ಎಂದದ್ದು ಕೇಳಿಸಿತು. ಜಟ್ಟಪ್ಪ ನೀರಿಗಿಳಿದ. ಅವನ ಕೈ ಮತ್ತು ಕತ್ತಿ ಅವಳ ತುಟಿಯ ಸಂದಿಯಲ್ಲಿ, ನನ್ನಿಂದ ಒಂದು ಗೇಣು ದೂರದಲ್ಲಿ ಓಡಾಡಿದವು. ಹೊತ್ತು ಇಳಿಯುವವರೆಗೆ ಕೊಯ್ದ. ಅವಳು ಅಲುಗಲಿಲ್ಲ. ಬಾಲದ ಹಗ್ಗ ಹರಿದ ಮೇಲೂ ದೋಣಿ ದೂರ ಸರಿಯುವವರೆಗೆ ಕಾದು, ಆಮೇಲೇ ಮುಳುಗಿದಳು. ಬಲೆ ಚಿಂದಿಯಾಗಿತ್ತು. ಅದರದೊಂದು ತುಂಡು, ಒಂದು ಗಂಟಿನ ಸಮೇತ, ನನ್ನ ಕೂದಲಿನಲ್ಲಿ ಉಳಿಯಿತು.

ಎರಡು ವರ್ಷ ಕಳೆದ ಮೇಲೆ ಅವಳು ಸತ್ತಳು. ಏಕೆಂದು ನನಗೆ ತಿಳಿಯದು. ಅಲೆ ನಮ್ಮನ್ನು ಜಟ್ಟಪ್ಪನ ಕೇರಿಯ ಮರಳಿಗೇ ತಂದು ಹಾಕಿತು. ಊರೆಲ್ಲ ಮೂಗು ಮುಚ್ಚಿಕೊಂಡು ನೋಡಲು ಬಂತು. ನಾರುತ್ತದೆಂದು ಮರುದಿನವೇ ಗುಂಡಿ ತೋಡಿ ಹೂಳಿದರು. ಎಳೆಯುವಾಗ ಕೊಳೆತ ಒಸಡಿನಿಂದ ನಾನು ಕಳಚಿ ಮರಳಿಗೆ ಬಿದ್ದೆ.

ಸಂಜೆ ಜಟ್ಟಪ್ಪ ಒಬ್ಬನೇ ಬಂದ. ನನ್ನನ್ನು ಎತ್ತಿ, ಕೂದಲಿನಲ್ಲಿದ್ದ ನೀಲಿ ಗಂಟನ್ನು ಹೆಬ್ಬೆರಳಿನಿಂದ ಉಜ್ಜಿ ನೋಡಿದ. ಗಂಟಿನ ಸುತ್ತು ತಿರುಗುಮುರುಗಾಗಿತ್ತು. ಕೇರಿಯಲ್ಲಿ ಹಾಗೆ ಹಾಕುವ ಎಡಗೈಯವನು ಒಬ್ಬನೇ, ಅವನ ಭಾವ ಸೋಮಯ್ಯ. ಜಟ್ಟಪ್ಪ ಅಲ್ಲೇ ಕುಕ್ಕರಗಾಲಲ್ಲಿ ಕುಳಿತ. "ಬದುಕಿದ್ದು ಎರಡೇ ವರ್ಷವಾ?" ಎಂದ.

ನನ್ನನ್ನು ಪಂಚೆಯಲ್ಲಿ ಸುತ್ತಿ ಮನೆಗೆ ತಂದು ಅಟ್ಟದಲ್ಲಿಟ್ಟ. ಅಲ್ಲಿಂದ ಕೆಳಗಿನ ಮಾತೆಲ್ಲ ಕೇಳುತ್ತಿತ್ತು. ಬಲೆ ಹೋದ ದಿನದಿಂದ ಸೋಮಯ್ಯ ತಂಗಿಯ ಮನೆಯ ಮೆಟ್ಟಿಲು ತುಳಿದಿರಲಿಲ್ಲ. "ನನ್ನ ಅರ್ಧ ಬಲೆ ಮೊದ್ಲು ಕೊಡ್ಲಿ, ಆಮೇಲೆ ಊಟಕ್ಕೆ ಕರೀಲಿ," ಎಂದಿದ್ದನಂತೆ. ಈಗ ತಿಮಿಂಗಿಲವೂ ಸತ್ತಿತ್ತು. ಮೀನಿಳಿಸುವ ದಕ್ಕೆಯಲ್ಲಿ ಜಟ್ಟಪ್ಪ ಎದುರಾದರೆ ಸೋಮಯ್ಯ ಪಕ್ಕದವರಿಗೆ ಕೇಳಿಸುವಂತೆ, "ಹೆಣಕ್ಕೆ ಹೊದ್ಸೂಕೆ ನನ್ನ ಬಲೆ ಕೊಟ್ಟ ಪುಣ್ಯಾತ್ಮ," ಎನ್ನುತ್ತಿದ್ದನಂತೆ. ಹಬ್ಬದ ದಿನ ಗಣಪಿ ಅಣ್ಣನಿಗೆಂದು ತೆಗೆದಿಟ್ಟ ಕಡುಬು ಸಂಜೆ ಬೆಕ್ಕಿಗೆ ಹೋಗುತ್ತಿತ್ತು.

ಜಟ್ಟಪ್ಪ ಎದುರಾಡುವವನಲ್ಲ. ಮಳೆಗೆ ಮುಂಚೆ ದೋಣಿಗೆ ಮೀನೆಣ್ಣೆ ಬಳಿಯುವಾಗ ನನ್ನನ್ನೂ ಕೆಳಗಿಳಿಸಿ ಎರಡು ಕೈ ಎಣ್ಣೆ ತಿಕ್ಕುತ್ತಿದ್ದ. ಕಡಲಿನ ಸಾಮಾನು ಒಣಗಿ ಸೀಳಬಾರದು ಎಂಬುದು ಅವನ ಲೆಕ್ಕ. ಎರಡು ವರ್ಷ ತಿಕ್ಕಿದ. ನಾನೂ ಸುಖವಾಗಿ ಕುಡಿದೆ.

ಒಂದು ದಿನ ಕೇರಿಗೆ ಜೆಸಿಂತಾ ಎಂಬುವರು ಬಂದರು. ಕಡಲ ಪ್ರಾಣಿಗಳ ಸಂಶೋಧಕಿ, ಹೊನ್ನಾವರದವರೇ. ಅವತ್ತು ಹೆಣ ಹೂಳಿದ ಮೇಲೆ ಬಂದು ಬರಿಗೈಯಲ್ಲಿ ಮರಳಿದ್ದವರು. ಬಲೆ ನೇಯುವ ಚಪ್ಪರದಡಿ ಎಲ್ಲರನ್ನೂ ಕೂರಿಸಿಕೊಂಡು, "ನಮ್ಮ ಕಡಲಿನ ತಿಮಿಂಗಿಲ ಎಷ್ಟು ವರ್ಷಕ್ಕೊಂದು ಮರಿ ಹಾಕ್ತದೆ, ಯಾವ ತಿಂಗಳು ಹಾಕ್ತದೆ, ಯಾರಿಗೂ ಸರಿಯಾಗಿ ಗೊತ್ತಿಲ್ಲ. ಗೊತ್ತಿಲ್ಲದೆ ಕಾಯೋದು ಹೇಗೆ? ಬಾಯಿಯ ಒಂದು ಹಲಗೆ ಸಿಕ್ಕಿದ್ರೂ ಅವಳ ಬಸಿರಿನ ಲೆಕ್ಕ ಅದರಲ್ಲಿರ್ತದೆ," ಎಂದರು.

ಎಲ್ಲರೂ ನಕ್ಕರು. ಗಣಪಿ ನಗಲಿಲ್ಲ. ಸಂಜೆ ಗಂಡನನ್ನು ಕೇಳದೆ ಜೆಸಿಂತಾರನ್ನು ಮನೆಗೆ ಕರೆತಂದು ನನ್ನನ್ನು ಇಳಿಸಿದಳು.

"ಅಕ್ಕೋರೇ, ಇದನ್ನ ಇಟ್ಕಂಡಿದ್ದಕ್ಕೆ ಇವರನ್ನ ಜೈಲಿಗೆ ಹಾಕ್ತ್ರಾ?"

"ಅರಣ್ಯ ಇಲಾಖೆಗೆ ನಾನೇ ಬರೆದು ಒಪ್ಪಿಸ್ತೇನೆ. ನೀವಾಗಿ ಕೊಟ್ಟಿದ್ದು ಅಂತಲೇ ಬರೀತೇನೆ."

"ಹಂಗಾರೆ ಒಂದು ಹೇಳಿ. ನಮ್ಮ ಬಲೆ ಕೊಯ್ದ ಮೇಲೆ ಅದು ಎರಡು ವರ್ಷ ಬದುಕ್ತು. ಆ ಎರಡು ವರ್ಷದಲ್ಲಿ ಅದು ಹೆತ್ತದ್ಯೋ ಇಲ್ವೋ? ನಂಗೆ ಅಷ್ಟೇ ಬೇಕು."

ಜೆಸಿಂತಾ ನನ್ನನ್ನು ಮೂಸಿದರು. ಮುಖ ಇಳಿಯಿತು. "ಇದಕ್ಕೆ ಏನು ಹಚ್ಚಿದ್ದೀರಿ?"

"ತಾರ್ಲೆ ಎಣ್ಣೆ," ಎಂದ ಜಟ್ಟಪ್ಪ, ತುಸು ಹೆಮ್ಮೆಯಿಂದಲೇ. "ದೋಣಿಗೆ ಹಚ್ಚೂದೇ."

ಅವರು ಬೈಯಲಿಲ್ಲ. ಮೀನಿನ ಎಣ್ಣೆಯಲ್ಲಿ ಮೀನಿನ ಹಾರ್ಮೋನೂ ಇರುತ್ತದೆ, ಅದು ನನ್ನೊಳಗಿನ ಬರಹದ ಮೇಲೆ ಮಸಿ ಚೆಲ್ಲಿದ ಹಾಗೆ, ಎಂದು ನಿಧಾನವಾಗಿ ತಿಳಿಸಿದರು. ಜಟ್ಟಪ್ಪ ತನ್ನ ಎರಡೂ ಕೈ ನೋಡಿಕೊಂಡ. ಆಮೇಲೆ ಹಿತ್ತಲಿಗೆ ಹೋಗಿ ಎಣ್ಣೆಯ ಡಬ್ಬವನ್ನೇ ತಂದಿಟ್ಟ. "ಮಸಿ ಯಾವ್ದು ಅಂತ ಗೊತ್ತಿದ್ರೆ ಅಕ್ಷರ ಬೇರೆ ಮಾಡೂಕೆ ಆಗೂದಿಲ್ವಾ?"

ಜೆಸಿಂತಾ ಡಬ್ಬವನ್ನೂ ಚೀಲಕ್ಕೆ ಹಾಕಿಕೊಂಡರು.

ಪ್ರಯೋಗಾಲಯದಲ್ಲಿ ನನ್ನನ್ನು ಒರೆಸಿ, ಅರ್ಧರ್ಧ ಬೆರಳಿಗೆ ಒಂದರಂತೆ ಸಣ್ಣ ತೂತು ಕೊರೆದರು. ನಲವತ್ತೆಂಟು ತೂತು, ನಲವತ್ತೆಂಟು ಚಿಟಿಕೆ ಪುಡಿ. ನೋವಾಗಲಿಲ್ಲ. ಉಗುರಿಗೆಲ್ಲಿಯ ನೋವು? ಮೊದಲ ಸಲ ಅಳೆದಾಗ ಬುಡದಿಂದ ತುದಿಯವರೆಗೆ ಹಾರ್ಮೋನು ಒಂದೇ ಸಮ ಬಂತು. ಎಣ್ಣೆಯೇ ಮಾತಾಡುತ್ತಿತ್ತು. ಜೆಸಿಂತಾ ಆ ಕಾಗದ ಮಡಚಿಟ್ಟರು. ಡಬ್ಬದ ಎಣ್ಣೆಯನ್ನು ಬೇರೆ ಅಳೆದರು. ಅದು ಎಷ್ಟು ಆಳ ಇಳಿದಿದೆಯೆಂದು ತಿಂಗಳುಗಟ್ಟಲೆ ನೋಡಿದರು. ಮೇಲ್ಪದರ ಹೆರೆದು, ಎಣ್ಣೆ ಮುಟ್ಟದ ನಡುತಿರುಳಿನಿಂದ ಮತ್ತೆ ನಲವತ್ತೆಂಟು ಚಿಟಿಕೆ ತೆಗೆದರು. ನಾನು ಎಷ್ಟೋ ಕೈ ಕಂಡಿದ್ದೇನೆ. ಸೋತ ಕೆಲಸವನ್ನು ಹಾಗೆ ಮೊದಲಿನಿಂದ ಕೈಗೆತ್ತಿಕೊಂಡ ಕೈ ಅದೊಂದೇ.

ಫಲಿತಾಂಶ ಬಂದ ದಿನ ಜೆಸಿಂತಾ ಗಂಡಹೆಂಡತಿಯನ್ನು ಕರೆಸಿದರು. ಗಣಪಿ ಅಣ್ಣನನ್ನೂ ಎಳೆದು ತಂದಿದ್ದಳು. ಸೋಮಯ್ಯ ಬಾಗಿಲ ಬಳಿಯೇ ಕೈಕಟ್ಟಿ ನಿಂತ.

"ಬುಡದಿಂದ ಹದಿನಾರನೇ ಬೆರಳು ನೋಡಿ," ಜೆಸಿಂತಾ ನನ್ನ ಮೇಲೆ ಕಡ್ಡಿ ಇಟ್ಟು ತೋರಿಸಿದರು. "ಅವಳು ಸಾಯೋದಕ್ಕೆ ಎರಡು ವರ್ಷ ಮುಂಚಿನದು. ಕಾರ್ಟಿಸಾಲ್ ಅಂತ, ಜೀವ ಹೆದರಿದಾಗ ಏರೋ ಹಾರ್ಮೋನು. ಇಲ್ಲಿ ಒಮ್ಮೆಲೇ ಏರಿದೆ."

"ಬಲೆ," ಎಂದ ಜಟ್ಟಪ್ಪ.

"ಬಸಿರಿನ ಹಾರ್ಮೋನು ಪ್ರೊಜೆಸ್ಟಿರಾನ್. ಅದು ಬಲೆಗಿಂತ ಮೂರು ಬೆರಳು ಮೊದಲೇ ಏರಿದೆ. ಅಂದ್ರೆ ಬಲೆಗೆ ಬಿದ್ದಾಗ ಅವಳು ನಾಲ್ಕೈದು ತಿಂಗಳ ಬಸುರಿ."

ನನಗೂ ಅದು ಹೊಸ ಸುದ್ದಿ. ಆ ಮಧ್ಯಾಹ್ನದ ಉಸಿರು ನೆನಪಾಯಿತು.

"ಬಸಿರು ಇಳಿದುಹೋಯ್ತಾ?" ಗಣಪಿ ಕೇಳಿದಳು.

"ಇಲ್ಲ. ಬಲೆಯ ನಂತರ ಇನ್ನೂ ಐದು ಬೆರಳು ಹಾಗೇ ಏರಿ ನಿಂತಿದೆ. ಒಟ್ಟು ಎಂಟು ಬೆರಳು, ಒಂದು ವರ್ಷ. ಆಮೇಲೆ ಇಳಿದಿದೆ. ದಿನ ತುಂಬಿತ್ತು ಅಂತ ಹೇಳಬಲ್ಲೆ. ಮರಿ ಈಗ ಎಲ್ಲಿದೆ, ಇದೆಯೋ ಇಲ್ಲವೋ, ಅದು ಈ ಹಲಗೆಗೆ ಗೊತ್ತಿಲ್ಲ."

ಗಣಪಿ ಸೆರಗಿನಿಂದ ಮುಖ ಒರೆಸಿಕೊಂಡಳು. ಜಟ್ಟಪ್ಪ ಗೋಡೆ ನೋಡುತ್ತ ನಿಂತ. ಸೋಮಯ್ಯ ಬಾಗಿಲು ಬಿಟ್ಟು ಹತ್ತಿರ ಬಂದ. ಎಂಟು ಬೆರಳು ತಾನೇ ಅಳೆದು ನೋಡಿದ. ಅವನ ಕೈ ನನ್ನ ಕೂದಲಿಗೆ ತಾಗಿ ನಿಂತಿತು.

"ಭಾವ, ಇದು ನಾ ಹಾಕಿದ ಗಂಟು ಅಲ್ದಾ?"

"ಹೌದು. ನಿನ್ನ ಬದಿಯ ಬಲೇದು."

"ಇಷ್ಟು ದಿನ ಬಾಯಿ ಬಿಡ್ಲಿಲ್ಲ ನೀನು."

"ಹೇಳಿದ್ರೆ ನೀನು ಇದನ್ನೂ ವಾಪಸ್ ಕೇಳ್ತಿದ್ದೆ."

ಸೋಮಯ್ಯ ನಕ್ಕನೋ ಕೆಮ್ಮಿದನೋ ತಿಳಿಯಲಿಲ್ಲ. ಜೆಸಿಂತಾ ಗಂಟು ಬಿಡಿಸಿ ಕೊಡಲೇ ಎಂದರು. ಬೇಡವೆಂದು ಕೈ ಆಡಿಸಿದ. "ಮರಿ ಇದ್ರೆ ಈಗ ಎಷ್ಟುದ್ದ ಇರಬೋದು ಅಕ್ಕೋರೇ?"

"ನಿಮ್ಮ ದೋಣಿಗಿಂತ ಉದ್ದ."

"ಹಂಗಾರೆ ಮುಂದಿನ ಬಲೆಯ ಗಂಟು ಗಟ್ಟಿ ಹಾಕೂದು ಬೇಡ," ಎಂದು ತಂಗಿಯ ಕಡೆ ತಿರುಗಿದ. "ಇವತ್ತು ಮನೇಲಿ ಎಂತ ಸಾರು?"

ಈಗ ನಾನು ಪ್ರಯೋಗಾಲಯದ ಗಾಜಿನ ಕಪಾಟಿನಲ್ಲಿದ್ದೇನೆ, ಮೈತುಂಬ ತೂತು. ಕೊಟ್ಟವರು ಜಟ್ಟಪ್ಪ ಮತ್ತು ಸೋಮಯ್ಯ ಎಂದು ಚೀಟಿ ಅಂಟಿಸಿದ್ದಾರೆ. ನೀಲಿ ಗಂಟು ಹಾಗೇ ಇದೆ. ನನ್ನ ಎಂಟು ಬೆರಳಿನ ಪಕ್ಕ ಇಟ್ಟು ಹೋಲಿಸಲು ಇನ್ನೂ ಬೇರೆ ಹಲಗೆಗಳು ಬೇಕಂತೆ. ಜೆಸಿಂತಾ ಹುಡುಕುತ್ತಲೇ ಇದ್ದಾರೆ. ಭಾವಮೈದುನರು ಈಗ ಒಂದೇ ದೋಣಿಯಲ್ಲಿ ಹೋಗುತ್ತಾರೆ ಎಂದು ಕೇಳಿದೆ. ಅರ್ಧ ಬಲೆಯನ್ನು ಜಟ್ಟಪ್ಪ ಇನ್ನೂ ಕೊಟ್ಟಿಲ್ಲ. ಸೋಮಯ್ಯ ಕೇಳಿಲ್ಲ.